ಕರಗದೆ ಬೆರೆತ ಬೆಳ್ಳಿ, ತಾಮ್ರ: ಎರಡು ಮೊಕುಮೆ ಉಂಗುರಗಳನ್ನು ಮಾಡಿದ ಬಗೆ

ತಮ್ಮನ ನಿಶ್ಚಿತಾರ್ಥಕ್ಕೆ ಮೂರೂವರೆ ತಿಂಗಳಿರುವಾಗ, ಉಂಗುರಗಳನ್ನು ನಾನೇ ಮಾಡಿಕೊಡುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟೆ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಮಣ್ಣಿನ ಪಾತ್ರೆಗಳನ್ನು ಸುಡುವ ಸಣ್ಣದೊಂದು ವಿದ್ಯುತ್ ಗೂಡು ಎಂಟು ವರ್ಷಗಳಿಂದ ಇದೆ. ಬೆಂಕಿಯ ಹದ ನನಗೆ ತಿಳಿದದ್ದು, ಆದರೆ ಲೋಹವನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಮಂಡ್ಯದಲ್ಲಿರುವ ನಮ್ಮ ದೊಡ್ಡತ್ತೆ ಮಾತ್ರ ‘ಚಿನ್ನವಿಲ್ಲದೆ ಎಂಥ ನಿಶ್ಚಿತಾರ್ಥ’ ಎಂದರು. ಶಾಸ್ತ್ರಕ್ಕೆ ಚಿನ್ನ ಬೇರೆ ಇರುತ್ತದೆ, ಇವು ದಿನವೂ ತೊಡುವುದಕ್ಕೆ ಎಂದು ಹೇಳಿದ ಮೇಲೆ ಒಪ್ಪಿದರು.

ನಾನು ಮಾಡಬೇಕೆಂದಿದ್ದುದು ಮೊಕುಮೆ ಗಾನೆ ಎಂಬ ಜಪಾನಿ ಕೆಲಸ. ಮೊಕುಮೆ ಎಂದರೆ ಮರದ ಎಳೆ, ಗಾನೆ ಎಂದರೆ ಲೋಹ. ಬೇರೆ ಬೇರೆ ಬಣ್ಣದ ಲೋಹದ ತಗಡುಗಳನ್ನು ಒಂದರ ಮೇಲೊಂದಿಟ್ಟು ಒಂದೇ ಗಟ್ಟಿಯಾಗುವಂತೆ ಕೂಡಿಸಿ, ಅದರ ಮೈಯನ್ನು ಅಲ್ಲಲ್ಲಿ ಕೆತ್ತಿ, ಮತ್ತೆ ತಟ್ಟಿ ಮಟ್ಟ ಮಾಡಿದರೆ, ಒಳಪದರಗಳು ಮೇಲಕ್ಕೆ ಬಂದು ಮರದ ಎಳೆಗಳಂತೆ ಕಾಣುತ್ತವೆ. ಇದನ್ನು ರೂಪಿಸಿದವನೆಂದು ಹೇಳಲಾಗುವ ಶೋಆಮಿ ದೆನ್‌ಬೆಯಿ (1651–1728) ಅಕಿತಾ ಪ್ರಾಂತದಲ್ಲಿ ಕತ್ತಿಯ ಅಲಂಕಾರದ ಭಾಗಗಳನ್ನು ಮಾಡುತ್ತಿದ್ದ. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಜಪಾನಿನ ಸರ್ಕಾರ ನಿಷೇಧಿಸಿದಾಗ ಈ ಕುಶಲಕರ್ಮಿಗಳ ಮುಖ್ಯ ಕೆಲಸವೇ ನಿಂತುಹೋಯಿತು. ಮಂಡಿ ಮೊಹಲ್ಲಾದ ಕುಸುರಿ ಕೆಲಸದವರು ಬೀಟೆ ಮರದ ಹಲಗೆಯನ್ನು ಬೆಳಕಿಗೆ ಹಿಡಿದು, ಎಳೆ ಯಾವ ಕಡೆ ಓಡುತ್ತದೆಂದು ನೋಡುವುದನ್ನು ಚಿಕ್ಕಂದಿನಿಂದ ಕಂಡ ನನಗೆ, ಅದೇ ಎಳೆಯನ್ನು ಲೋಹದಲ್ಲಿ ತರಬಹುದೆಂಬುದು ತಿಳಿದಾಗಿನಿಂದ ಕೈ ಸುಮ್ಮನಿರಲಿಲ್ಲ.

ಅಮೆರಿಕದಲ್ಲಿ ಹೊಸಬರು ಅಲ್ಲಿನ ಕಾಲು ಡಾಲರ್ ನಾಣ್ಯಗಳನ್ನು ಪೇರಿಸಿ ಈ ಕೆಲಸವನ್ನು ಕಲಿಯುತ್ತಾರೆ. ಆ ನಾಣ್ಯದ ಒಳಗೆ ತಾಮ್ರವೂ ಎರಡು ಮೈಗಳ ಮೇಲೆ ತಾಮ್ರ-ನಿಕ್ಕಲ್ ಮಿಶ್ರಲೋಹವೂ ಇರುವುದರಿಂದ ಪದರಗಳು ತಾವಾಗಿಯೇ ಸಿಗುತ್ತವೆ. ನಮ್ಮಲ್ಲಿ ಹಾಗೆ ಮಾಡಬಾರದು. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಕರಗಿಸುವುದೂ ನಾಶಮಾಡುವುದೂ ಅಪರಾಧ. ಆದ್ದರಿಂದ ಶುದ್ಧ ಬೆಳ್ಳಿಯ ತಗಡು, ಶುದ್ಧ ತಾಮ್ರದ ತಗಡು ಎರಡನ್ನೇ ಆರಿಸಿಕೊಂಡೆ. ಎರಡೂ ಮೃದು, ಎರಡೂ ಸುತ್ತಿಗೆಗೆ ಒಂದೇ ರೀತಿ ಬಗ್ಗುತ್ತವೆ, ಬಣ್ಣವಂತೂ ಹಾಲು ಮತ್ತು ಬೆಲ್ಲದಷ್ಟು ಬೇರೆ.

ಅಶೋಕ ರಸ್ತೆಯ ಒಳಗಲ್ಲಿಯೊಂದರಲ್ಲಿ ಕೆಲಸ ಮಾಡುವ ಹಿರಿಯ ಅಕ್ಕಸಾಲಿಗರೊಬ್ಬರಲ್ಲಿಗೆ ನನ್ನ ಚಿಕ್ಕಪ್ಪ ಕರೆದುಕೊಂಡು ಹೋದರು. ನಾನು ವಿಷಯ ಹೇಳಿದಾಗ ಆಚಾರ್ರು ಊದುಗೊಳವೆಯನ್ನು ಕೆಳಗಿಟ್ಟು ಕೇಳಿದರು: “ಕರಗಬಾರದು ಅಂತೀರಿ, ಅಂಟಬೇಕು ಅಂತೀರಿ. ಬೆಸುಗೆ ಇಲ್ಲದೆ ಅಂಟೋದು ಹೇಗಮ್ಮ?” ಈ ಕೆಲಸದ ಪೂರ್ತಿ ಕಷ್ಟ ಆ ಪ್ರಶ್ನೆಯಲ್ಲೇ ಇದೆ ಎಂಬುದು ನನಗೆ ಅರ್ಥವಾಗಲು ಎರಡು ಗಟ್ಟಿಗಳು ಹಾಳಾಗಬೇಕಾಯಿತು.

ಎರಡು ಲೋಹಗಳ ಮೈಗಳು ಪೂರ್ತಿ ಶುದ್ಧವಾಗಿದ್ದು, ನಡುವೆ ಗಾಳಿಗೆ ಜಾಗವಿಲ್ಲದಂತೆ ಅವನ್ನು ಒತ್ತಿ ಹಿಡಿದು, ಕರಗುವ ಬಿಸಿಗಿಂತ ಸ್ವಲ್ಪ ಕೆಳಗೆ ಗಂಟೆಗಟ್ಟಲೆ ಇಟ್ಟರೆ, ಈ ಕಡೆಯ ಪರಮಾಣುಗಳು ಆ ಕಡೆಗೂ ಆ ಕಡೆಯವು ಈ ಕಡೆಗೂ ಸರಿದು, ನಡುವಣ ಗಡಿಯೇ ಬೆಸುಗೆಯಾಗುತ್ತದೆ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085 ಡಿಗ್ರಿಯಲ್ಲಿ. ಆದರೆ ಇವೆರಡೂ ತಾಗಿ ಕುಳಿತಾಗ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 72 ಪಾಲು ಬೆಳ್ಳಿ, 28 ಪಾಲು ತಾಮ್ರ ಸೇರಿದ ಮಿಶ್ರಣ 779 ಡಿಗ್ರಿಯಲ್ಲೇ ನೀರಾಗುತ್ತದೆ; ಬಿಸಿ ಅಲ್ಲಿಗೆ ಮುಟ್ಟಿತೆಂದರೆ ತಗಡುಗಳ ಗಡಿಯಲ್ಲಿ ಆ ಮಿಶ್ರಣ ತಾನಾಗಿ ಹುಟ್ಟಿ, ಎರಡು ಲೋಹಗಳನ್ನೂ ತಿನ್ನುತ್ತಾ ಹರಡುತ್ತದೆ. ತೀರ ತಗ್ಗಿದ ಬಿಸಿಯಲ್ಲಿ ಪರಮಾಣುಗಳ ಚಲನೆ ನಿಧಾನವಾಗಿ ಪದರಗಳು ಹಿಡಿಯುವುದಿಲ್ಲ. ಹೀಗೆ ನನಗೆ ಉಳಿದದ್ದು 720ರಿಂದ 760 ಡಿಗ್ರಿಯ ನಡುವಣ ಕಿರಿದಾದ ಓಣಿ.

ತಗಡುಗಳನ್ನು 30 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲ, 0.7 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿದೆ. ಆರು ಬೆಳ್ಳಿಯವು, ಐದು ತಾಮ್ರದವು. ಮೇಲೂ ಕೆಳಗೂ ಬೆಳ್ಳಿಯೇ ಬರುವಂತೆ ಜೋಡಿಸಿದರೆ ಒಟ್ಟು 7.7 ಮಿಲಿಮೀಟರ್ ದಪ್ಪ. ಒಂದು ಗಟ್ಟಿಗೆ ಸುಮಾರು 26 ಗ್ರಾಂ ಬೆಳ್ಳಿ, 19 ಗ್ರಾಂ ತಾಮ್ರ ಬೇಕಾಗುತ್ತದೆ. ಗಟ್ಟಿಯನ್ನು ಹಿಡಿಯಲು 10 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಫಲಕಗಳಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರಲ್ಲಿ ನಾಲ್ಕು ಮೂಲೆಗೂ ರಂಧ್ರ ಕೊರೆಸಿ, ಬೋಲ್ಟ್ ಹಾಕಿಸಿದೆ. ಉಕ್ಕಿಗೆ ಬೆಳ್ಳಿ ಅಂಟದಂತೆ ಏನು ಬಳಿಯಬೇಕೆಂದು ಕೇಳಿದಾಗ, ಬೆಸುಗೆ ಹರಿಯಬಾರದ ಕಡೆ ತಾವು ಕಾವಿಮಣ್ಣನ್ನು ಬಳಿಯುತ್ತೇವೆಂದು ಆಚಾರ್ರು ಹೇಳಿದರು. ನನ್ನ ಗೂಡಿನ ಹಲಗೆಗಳಿಗೆ ಬಳಿಯುವ ಅಲ್ಯೂಮಿನಾ ಮತ್ತು ಚೀನಿಮಣ್ಣಿನ ಲೇಪವೂ ಅದೇ ಕೆಲಸ ಮಾಡುವುದರಿಂದ ಅದನ್ನೇ ಬಳಸಿದೆ.

ಈ ಫಲಕಗಳ ಬಗ್ಗೆ ಒಂದು ಮಾತು ಹೇಳಬೇಕು. ಕಾದಾಗ ತಾಮ್ರವೂ ಬೆಳ್ಳಿಯೂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತವೆ. ಬೋಲ್ಟ್‌ಗಳು ಉಕ್ಕಿನವಾದ್ದರಿಂದ, ಗೂಡು ಬಿಸಿಯೇರಿದಂತೆ ನಡುವಣ ಗಟ್ಟಿ ತನ್ನಷ್ಟಕ್ಕೆ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಹೊರಗಿನಿಂದ ಯಾರೂ ಒತ್ತಬೇಕಾಗಿಲ್ಲ. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡು ನನಗಾದ ಸಂತೋಷ ದೊಡ್ಡದು.

ಮೊದಲ ಗಟ್ಟಿಯನ್ನು ಇದ್ದಿಲು ತುಂಬಿದ ಸ್ಟೀಲ್ ಡಬ್ಬಿಯೊಳಗಿಟ್ಟು, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ ಗೂಡಿಗೆ ಹಾಕಿದೆ. ಡಬ್ಬಿಯೊಳಗಿನ ಆಮ್ಲಜನಕವನ್ನು ಇದ್ದಿಲು ತಾನು ಉರಿದು ಮುಗಿಸುವುದರಿಂದ ತಾಮ್ರಕ್ಕೆ ಕಪ್ಪು ಕಟ್ಟುವುದಿಲ್ಲ. ಇದರಿಂದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಗೂಡು ತೆರೆದ ಹಿತ್ತಿಲಿನಲ್ಲಿದ್ದುದರಿಂದ ಮಾತ್ರ ಈ ವಿಧಾನವನ್ನು ಆರಿಸಿದೆ, ಮುಚ್ಚಿದ ಕೋಣೆಯಲ್ಲಿ ಇದನ್ನು ಯಾರೂ ಮಾಡಬಾರದು. ಗೂಡಿನ ಮಾಪಕವನ್ನು 760 ಡಿಗ್ರಿಗೆ ಇಟ್ಟು ನಾಲ್ಕು ಗಂಟೆ ಬಿಟ್ಟೆ. ಮರುದಿನ ಬೆಳಿಗ್ಗೆ ಡಬ್ಬಿ ತೆರೆದಾಗ ಫಲಕಗಳ ಒಂದು ಬದಿಯಿಂದ ಬೆಳ್ಳಿಯ ಬಣ್ಣದ ದ್ರವ ಹರಿದು, ತಳದಲ್ಲಿ ಹುರುಳಿಕಾಳಿನಷ್ಟು ದಪ್ಪದ ಹನಿಗಳಾಗಿ ಗಟ್ಟಿಯಾಗಿತ್ತು. ಪದರಗಳಲ್ಲಿ ಅರ್ಧದಷ್ಟು ಇರಲೇ ಇಲ್ಲ. ಗೂಡಿನ ಮಾಪಕ ಇರುವುದು ಹಿಂದಿನ ಗೋಡೆಯ ನಡುವೆ, ಡಬ್ಬಿಯನ್ನು ನಾನಿಟ್ಟಿದ್ದು ಪಕ್ಕದಲ್ಲಿ ಕಾಯುವ ವಿದ್ಯುತ್ ಸುರುಳಿಯ ಹತ್ತಿರ. ಮಣ್ಣಿನ ಪಾತ್ರೆಗಳಿಗೆ ಇಪ್ಪತ್ತು ಡಿಗ್ರಿ ಆಚೀಚೆ ಆದರೆ ಏನೂ ಆಗುವುದಿಲ್ಲ, ಆದ್ದರಿಂದ ಎಂಟು ವರ್ಷ ನಾನು ಆ ವ್ಯತ್ಯಾಸವನ್ನು ಅಳೆದೇ ಇರಲಿಲ್ಲ.

ಹೆದರಿಕೆಯಿಂದ ಎರಡನೆಯ ಸಲ 690 ಡಿಗ್ರಿಗೆ ಇಳಿಸಿ, ಡಬ್ಬಿಯನ್ನು ಗೂಡಿನ ನಡುವೆ ಇಟ್ಟೆ. ಮೂರನೆಯ ಗಂಟೆಗೆ ಬಡಾವಣೆಯಲ್ಲಿ ವಿದ್ಯುತ್ ಹೋಗಿ, ಸಂಜೆಯವರೆಗೆ ಬರಲಿಲ್ಲ. ಹೊರಗೆ ತೆಗೆದ ಗಟ್ಟಿ ನೋಡಲು ಚೆನ್ನಾಗಿತ್ತು. ಅಂಚನ್ನು ಅರದಿಂದ ಉಜ್ಜಿದಾಗ ಬಿಳಿ, ಕೆಂಪು ಗೆರೆಗಳು ಸಾಲಾಗಿ ಕಂಡವು. ಆದರೆ ಆಚಾರ್ರ ಅಡಿಗಲ್ಲಿನ ಮೇಲೆ ನಾಲ್ಕು ಪೆಟ್ಟು ಬೀಳುತ್ತಲೇ ಒಂದು ಮೂಲೆ ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತು. ಉಳಿದುದನ್ನು ಮತ್ತೆ ಕಾಯಿಸಿದಾಗ ಮೇಲಿನ ತಗಡಿನಲ್ಲಿ ಎರಡು ಬೊಬ್ಬೆಗಳೆದ್ದವು. ಹಿಡಿಯದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ ಹಾಗೆ ಮಾಡುತ್ತದೆ. ಬಿಚ್ಚಿದ ಪದರವನ್ನು ತಿರುಗಿಸಿ ನೋಡಿದರೆ ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಬಿಸಿ ಕಡಿಮೆಯಾದದ್ದು ಒಂದು ಕಾರಣ, ಬೆರಳಿನ ಜಿಡ್ಡು ಇನ್ನೊಂದು. ಆಚಾರ್ರು ಸ್ವಲ್ಪ ಹೊತ್ತು ಅದನ್ನೇ ನೋಡಿ, “ಮಡಿಯಲ್ಲಿ ಮುಟ್ಟಬೇಕು ಕಣಮ್ಮ ಇದನ್ನ” ಎಂದರು.

ಮೂರನೆಯ ಸಲ ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. ಪ್ರತಿ ತಗಡನ್ನೂ ಗಾಜಿನ ಮೇಲೆ ಹರಡಿದ 400ರ, ಆಮೇಲೆ 600ರ ಎಮರಿ ಕಾಗದದ ಮೇಲೆ ಮಟ್ಟವಾಗಿ ಉಜ್ಜಿದೆ. ಹುಣಸೆಹುಳಿ ನೀರಿನಲ್ಲಿ ಅದ್ದಿ ತಾಮ್ರದ ಕಪ್ಪನ್ನು ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ನೀರು ಎಲ್ಲಿಯೂ ಹನಿಗಟ್ಟದೆ ಪೂರ್ತಿ ಮೈ ಮೇಲೆ ಹಾಳೆಯಂತೆ ಹರಡುವವರೆಗೆ ಬಿಡಲಿಲ್ಲ. ನೀರು ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ ಎಂದೇ ಅರ್ಥ. ಕೊನೆಗೆ ಅಸಿಟೋನ್‌ನಲ್ಲಿ ತೊಳೆದು, ಹೊಸ ಕೈಗವಸು ಹಾಕಿಕೊಂಡು, ಅಂಚುಗಳನ್ನು ಮಾತ್ರ ಹಿಡಿದು ಜೋಡಿಸಿದೆ. ಹನ್ನೊಂದು ತಗಡುಗಳಿಗೆ ಒಂದು ಪೂರ್ತಿ ಭಾನುವಾರ ಹಿಡಿಯಿತು.

ಬಿಸಿಯನ್ನು ಅಳೆಯುವುದಕ್ಕೆ ಬೇರೊಂದು ಉಷ್ಣಮಾಪಕದ ತಂತಿಯನ್ನು ಡಬ್ಬಿಯ ಪಕ್ಕದ ರಂಧ್ರದಿಂದ ಒಳಗೆ ತೂರಿಸಿ, ಅದರ ತುದಿ ಉಕ್ಕಿನ ಫಲಕಕ್ಕೆ ತಾಗುವಂತೆ ಇಟ್ಟೆ. ಮಾಪಕವೂ ಸುಳ್ಳು ಹೇಳಬಹುದಲ್ಲವೇ ಎಂಬ ಅನುಮಾನ ಉಳಿದಿತ್ತು. ಕುಂಬಾರಿಕೆಯಲ್ಲಿ ಇಂಥ ಅನುಮಾನಕ್ಕೆ ಮದ್ದಾಗಿ, ಗೊತ್ತಾದ ಬಿಸಿಯಲ್ಲಿ ಬಾಗುವ ಸಣ್ಣ ಮಣ್ಣಿನ ಶಂಕುಗಳನ್ನು ಗೂಡಿನಲ್ಲಿಡುತ್ತೇವೆ. ಇಲ್ಲಿಯೂ ಹಾಗೆ ಒಂದು ಸಾಕ್ಷಿ ಬೇಕೆನಿಸಿ, ಬೆಳ್ಳಿಯ ಸಣ್ಣ ತಂತಿಗೆ ತಾಮ್ರದ ತಂತಿಯನ್ನು ಬಿಗಿಯಾಗಿ ಹೊಸೆದು, ಅಂಥ ಮೂರು ತುಂಡುಗಳನ್ನು ಡಬ್ಬಿಯ ಮೂರು ಮೂಲೆಗಳಲ್ಲಿ ಇಟ್ಟೆ. 779 ದಾಟಿದ ಮೂಲೆಯಲ್ಲಿ ತಂತಿ ಕರಗಿ ಗುಂಡಾಗಬೇಕು, ದಾಟದಿದ್ದರೆ ಹೊಸೆದಂತೆಯೇ ಇರಬೇಕು. ಯಾವ ಲೋಹಗಳು ನನ್ನ ಮೊದಲ ಗಟ್ಟಿಯನ್ನು ಹಾಳುಮಾಡಿದವೋ ಅವುಗಳನ್ನೇ ಕಾವಲಿಗೆ ಇಟ್ಟ ಹಾಗಾಯಿತು. ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಉಳಿದ ಏನನ್ನು ಬಿಟ್ಟರೂ ಇದೊಂದನ್ನು ಬಿಡಬಾರದೆಂದು ನಾನು ಕೇಳಿಕೊಳ್ಳುತ್ತೇನೆ. ಖರ್ಚು ಏನೂ ಇಲ್ಲ.

ಡಬ್ಬಿಯೊಳಗಿನ ಮಾಪಕದಲ್ಲಿ 740 ಡಿಗ್ರಿ ಬಂದ ಮೇಲೆ ಆರು ಗಂಟೆ ಹಿಡಿದು, ಗೂಡನ್ನು ತಾನಾಗಿ ತಣಿಯಲು ಬಿಟ್ಟೆ. ಮೂರು ತಂತಿಗಳೂ ಹೊಸೆದಂತೆಯೇ ಇದ್ದವು. ಗಟ್ಟಿಯನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ‘ಟಣ್’ ಎಂದು ಉದ್ದಕ್ಕೆ ನಾದ ಬಂತು. ಬಿರುಕುಬಿಟ್ಟ ಮಡಕೆಯನ್ನೂ ಗಟ್ಟಿ ಮಡಕೆಯನ್ನೂ ಬೆರಳಿನಿಂದ ತಟ್ಟಿ ಗುರುತಿಸುವ ಅಭ್ಯಾಸ ನನಗಿದ್ದುದರಿಂದ, ಅಂಚನ್ನು ಉಜ್ಜಿ ನೋಡುವ ಮೊದಲೇ ಇದು ಹಿಡಿದಿದೆ ಎಂದು ತಿಳಿಯಿತು.

ಇಲ್ಲಿಂದ ಮುಂದಿನ ಕೆಲಸವೆಲ್ಲ ಆಚಾರ್ರ ಅಂಗಡಿಯಲ್ಲಿ ನಡೆಯಿತು. ನಾಲ್ಕು ಅಂಚುಗಳಿಂದ ಒಂದೂವರೆ ಮಿಲಿಮೀಟರ್‌ನಷ್ಟು ಗರಗಸದಿಂದ ತೆಗೆದೆವು, ಏಕೆಂದರೆ ಪದರಗಳು ಸರಿಯಾಗಿ ಹಿಡಿಯದೆ ಉಳಿಯುವುದು ಹೆಚ್ಚಾಗಿ ಅಂಚಿನಲ್ಲೇ, ಬಿರುಕು ಹೊರಡುವುದೂ ಅಲ್ಲಿಂದಲೇ. ಗಟ್ಟಿಯನ್ನು ಮಂದ ಬೆಳಕಿನಲ್ಲಿ ಕೆಂಪು ಕಾಣುವಷ್ಟು ಕಾಯಿಸಿ, ಮೊದಲು ಸುತ್ತಿಗೆಯಿಂದ ಮೆತ್ತಗೆ ತಟ್ಟಿ, ಆಮೇಲೆ ಅವರ ಕೈಮಿಲ್ಲಿನ ಉರುಳೆಗಳ ನಡುವೆ ಒಂದೊಂದು ಸಲಕ್ಕೆ 0.1 ಮಿಲಿಮೀಟರ್‌ನಂತೆ ಇಳಿಸುತ್ತಾ ಹೋದೆವು. ದಪ್ಪದಲ್ಲಿ ಕಾಲುಭಾಗ ಇಳಿದಾಗಲೆಲ್ಲ ಮತ್ತೆ ಕಾಯಿಸಿ ಮೃದು ಮಾಡಬೇಕು. ಅನುಭವಿಗಳು ಇನ್ನೂ ದೂರ ಹೋಗುತ್ತಾರೆ, ಆದರೆ ನನ್ನ ಬೆಸುಗೆಯ ಮೇಲೆ ನನಗೆ ಅಷ್ಟು ಧೈರ್ಯವಿರಲಿಲ್ಲ. 2.6 ಮಿಲಿಮೀಟರ್‌ಗೆ ಬಂದಾಗ ನಿಲ್ಲಿಸಿದೆವು. ಆಗ ಒಂದೊಂದು ಪದರದ ದಪ್ಪ ಕಾಲು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ.

ಕೆತ್ತನೆಯೇ ನನಗೆ ತುಂಬ ಹಿಡಿಸಿದ ಭಾಗ. ಉದ್ದಕ್ಕೆ ಓರೆಯಾಗಿ, ಒಂದಕ್ಕೊಂದು ಸಮಾನಾಂತರವಲ್ಲದ ಒಂಬತ್ತು ಗೀರುಗಳನ್ನು ದುಂಡು ಅರದಿಂದ ತೋಡಿ, ಅವುಗಳ ನಡುವೆ ಅಲ್ಲಲ್ಲಿ ಡ್ರಿಲ್ ಮೊನೆಯಿಂದ ಬಟ್ಟಲಿನಂಥ ಗುಳಿಗಳನ್ನು ಮಾಡಿದೆ. ಆಳ 1.2 ಮಿಲಿಮೀಟರ್ ಮೀರದಂತೆ ನೋಡಿಕೊಂಡೆ. ಅಷ್ಟಕ್ಕೆ ಐದು ಪದರಗಳು ತೆರೆದುಕೊಳ್ಳುತ್ತವೆ. ಗುಳಿಯೊಂದರ ಸುತ್ತ ಬಿಳಿ, ಕೆಂಪು, ಬಿಳಿ, ಕೆಂಪು ಎಂದು ಉಂಗುರದೊಳಗೆ ಉಂಗುರಗಳು ಮೂಡುವುದನ್ನು ಮೊದಲ ಸಲ ನೋಡಿದಾಗ ಮಧ್ಯಾಹ್ನದ ಊಟ ಮರೆತುಹೋಯಿತು. ಮತ್ತೆ ಮಿಲ್ಲಿಗೆ ಕೊಟ್ಟಾಗ ಉಬ್ಬು ಭಾಗಗಳು ತಗ್ಗಿ, ಗುಳಿಗಳು ಮೇಲೆದ್ದು, 1.4 ಮಿಲಿಮೀಟರ್ ದಪ್ಪಕ್ಕೆ ಬರುವ ಹೊತ್ತಿಗೆ ಮೈ ನುಣುಪಾಯಿತು. ಗುಳಿಗಳು ಮರದ ಗಂಟುಗಳಾಗಿದ್ದವು, ಗೀರುಗಳು ಓಡುವ ಎಳೆಗಳಾಗಿದ್ದವು. ಪಟ್ಟಿ ಆಗ 84 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ ಇತ್ತು. ಬೀದರಿನ ಬಿದರಿ ಕೆಲಸದಲ್ಲಿ ಕೆತ್ತಿದ ಗೆರೆಯೊಳಗೆ ಬೆಳ್ಳಿಯನ್ನು ತಟ್ಟಿ ಕೂರಿಸುತ್ತಾರೆ, ಚಿತ್ತಾರ ಪೂರ್ತಿ ಕಲಾವಿದನ ಕೈಯಲ್ಲಿರುತ್ತದೆ. ಇಲ್ಲಿ ಅರ್ಧ ಮಾತ್ರ ನಮ್ಮ ಕೈಯಲ್ಲಿ, ಉಳಿದರ್ಧವನ್ನು ಉರುಳೆ ಮುಗಿಸುತ್ತದೆ.

ತಾಮ್ರ ಬೆರಳಿಗೆ ತಾಗಿದರೆ ಬೆವರಿಗೆ ಹಸಿರು ಗುರುತು ಬೀಳುತ್ತದೆ. ಬೆಳ್ಳಿಯ ಜೊತೆ ಸೇರಿದ ತಾಮ್ರ ಒದ್ದೆಯಲ್ಲಿ ಒಂಟಿ ತಾಮ್ರಕ್ಕಿಂತ ಬೇಗ ಸವೆಯುತ್ತದೆ ಕೂಡ. ಆದ್ದರಿಂದ ಎರಡೂ ಉಂಗುರಗಳಿಗೆ 0.6 ಮಿಲಿಮೀಟರ್ ದಪ್ಪದ ಶುದ್ಧ ಬೆಳ್ಳಿಯ ಒಳಪಟ್ಟಿಯನ್ನು ಹಾಕಿದೆ. ತಮ್ಮನ ಬೆರಳಿಗೆ ಬೇಕಾದ ಒಳವ್ಯಾಸ 19 ಮಿಲಿಮೀಟರ್. ಅದಕ್ಕೆ ಒಳಪಟ್ಟಿಯ ಎರಡು ಬದಿಯ ದಪ್ಪ 1.2, ಮೇಲುಪಟ್ಟಿಯ ಒಂದು ದಪ್ಪ 1.4 ಕೂಡಿಸಿದರೆ 21.6, ಅದನ್ನು 3.14ರಿಂದ ಗುಣಿಸಿದರೆ ಸುಮಾರು 68 ಮಿಲಿಮೀಟರ್ ಉದ್ದದ ಪಟ್ಟಿ ಬೇಕು. ಹುಡುಗಿಯ ಬೆರಳಿನ 16.5 ಮಿಲಿಮೀಟರ್‌ಗೆ ಇದೇ ಲೆಕ್ಕದಲ್ಲಿ 60 ಮಿಲಿಮೀಟರ್ ಬಂತು. ಒಳವ್ಯಾಸದಿಂದಲೇ ನೇರವಾಗಿ ಲೆಕ್ಕ ಹಾಕಿದರೆ ಉಂಗುರ ಚಿಕ್ಕದಾಗುತ್ತದೆ. ಬಾಗಿದ ಪಟ್ಟಿಯ ಹೊರಮೈ ಹಿಗ್ಗಿ, ಒಳಮೈ ಕುಗ್ಗಿ, ಅಳತೆ ಬದಲಾಗದೆ ಉಳಿಯುವುದು ದಪ್ಪದ ನಡುವೆ ಮಾತ್ರ.

ಪಟ್ಟಿಯ ತುದಿಗಳನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಲು ಆಚಾರ್ರು ಹೇಳಿದರು. ಬೆಸುಗೆಯ ಬಿಳಿ ಗೆರೆ ಎಳೆಗಳ ಓಟದಲ್ಲೇ ಸೇರಿಹೋಗಲಿ ಎಂಬುದು ಅವರ ಎಣಿಕೆ, ಅದು ನಿಜವೂ ಆಯಿತು. ಬೆಸುಗೆ ಹಾಕುವಾಗ ನನಗೆ ಕೈ ನಡುಗಿತು, ಏಕೆಂದರೆ 779ರ ಭಯ ಇಲ್ಲಿಯೂ ಇತ್ತು. ಗಟ್ಟಿ ಬೆಸುಗೆಯ ಲೋಹ ಹರಿಯುವ ಬಿಸಿ ಅದಕ್ಕೆ ತೀರ ಹತ್ತಿರ. ಅದಕ್ಕಾಗಿ 700 ಡಿಗ್ರಿಯ ಆಸುಪಾಸಿನಲ್ಲಿ ಹರಿಯುವ, ಕ್ಯಾಡ್ಮಿಯಂ ಇಲ್ಲದ ಮೆದು ಬೆಳ್ಳಿ ಬೆಸುಗೆಯನ್ನು ತರಿಸಿದೆ. ಕ್ಯಾಡ್ಮಿಯಂ ಇರುವ ಬೆಸುಗೆ ಸುಲಭವಾಗಿ ಹರಿಯುತ್ತದೆ, ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಬಿಳಿಗಾರ ಹಚ್ಚಿ, ಜ್ವಾಲೆಯನ್ನು ಕೂಡುವ ಜಾಗಕ್ಕೆ ಹಿಡಿಯದೆ ಉಂಗುರದ ಸುತ್ತ ತಿರುಗಿಸುತ್ತಾ ಪೂರ್ತಿ ಉಂಗುರವನ್ನು ಒಂದೇ ಸಮ ಕಾಯಿಸಿದಾಗ, ಬೆಸುಗೆ ಮಿಂಚಿನಂತೆ ಸಂದಿಯುದ್ದಕ್ಕೂ ಓಡಿತು. ಅದು ಓಡಿದ ಕ್ಷಣವೇ ಜ್ವಾಲೆಯನ್ನು ತೆಗೆಯಬೇಕು. ತಮ್ಮನ ಉಂಗುರದಲ್ಲಿ ಒಳಪಟ್ಟಿಯನ್ನು ಕೂರಿಸುವಾಗ ಹೊರಗಿನ ಸಂದಿ ಮತ್ತೆ ಬಿಚ್ಚಿಕೊಂಡಿತು. ಎರಡು ಸಲಕ್ಕೂ ಒಂದೇ ಬೆಸುಗೆಯನ್ನು ಬಳಸಿದ್ದೇ ತಪ್ಪು. ಆಚಾರ್ರು ಸಂದಿಗೆ ಕಾವಿಮಣ್ಣು ಬಳಿದು, ಕಬ್ಬಿಣದ ಸಣ್ಣ ತಂತಿಯಿಂದ ಉಂಗುರವನ್ನು ಸುತ್ತಿ ಬಿಗಿದು, ಮತ್ತೊಮ್ಮೆ ಕಾಯಿಸಲು ಹೇಳಿದರು. ಈಗ ಭೂತಗನ್ನಡಿಯಲ್ಲಿ ನೋಡಿದರೂ ಆ ಜಾಗ ನನಗೆ ಸುಲಭವಾಗಿ ಸಿಗುವುದಿಲ್ಲ.

ಅರ, 320ರಿಂದ 1200ರವರೆಗಿನ ಎಮರಿ ಎಲ್ಲ ಮುಗಿದ ಮೇಲೆ ಉಂಗುರಗಳನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಅದು ತಾಮ್ರವನ್ನು ತಿನ್ನುತ್ತದೆ, ಬೆಳ್ಳಿಯ ಮೇಲೆ ತೆಳುಪೊರೆ ಕಟ್ಟಿ ಅಲ್ಲಿಗೇ ನಿಲ್ಲುತ್ತದೆ. ಬೆಳ್ಳಿಯ ಎಳೆಗಳು ಉಗುರಿಗೆ ತಾಗುವಷ್ಟು ಎತ್ತರವಾದವು. ಅಡಿಗೆ ಸೋಡಾದ ನೀರಿನಲ್ಲಿ ತೊಳೆದೆ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುವುದರಿಂದ ಅದನ್ನು ಚರಂಡಿಗೆ ಸುರಿಯದೆ, ಸೋಡಾ ಹಾಕಿ ಗಸಿ ಇಳಿಸಿ ಪ್ರತ್ಯೇಕವಾಗಿ ಇಟ್ಟಿದ್ದೇನೆ. ತಾಮ್ರಕ್ಕೆ ಗಾಢ ಬಣ್ಣ ಬರಲು ಗ್ರಂಥಿಗೆ ಅಂಗಡಿಯಿಂದ ತಂದ ಗಂಧಕವನ್ನು ಸುಣ್ಣದ ಜೊತೆ ನೀರಿನಲ್ಲಿ ಕುದಿಸಿ, ಸೋಸಿದ ಕಿತ್ತಳೆ ಬಣ್ಣದ ನೀರಿನಲ್ಲಿ ಉಂಗುರವನ್ನು ಅದ್ದಿದೆ. ವಾಸನೆ ಕೆಟ್ಟದ್ದು, ಹೊರಗಡೆಯೇ ಮಾಡಬೇಕು, ಹತ್ತಿರದಲ್ಲಿ ಯಾವ ಹುಳಿಯೂ ಇರಬಾರದು, ಏಕೆಂದರೆ ಹುಳಿ ಸೇರಿದರೆ ವಿಷಾನಿಲ ಏಳುತ್ತದೆ. ಎರಡು ಲೋಹಗಳೂ ಕಪ್ಪಾದವು. ಉಬ್ಬಿದ ಬೆಳ್ಳಿಯನ್ನು ಮಾತ್ರ ನಯವಾದ ಎಮರಿಯಿಂದ ಒರೆಸಿದಾಗ, ಬೀಟೆಯ ಮೇಲೆ ಬೆಳದಿಂಗಳು ಬಿದ್ದಂತೆ ಎಳೆಗಳು ಎದ್ದುವು.

ತಮ್ಮನ ಉಂಗುರ 5 ಮಿಲಿಮೀಟರ್ ಅಗಲ, 6 ಗ್ರಾಂ ತೂಕ. ಹುಡುಗಿಯದು 4 ಮಿಲಿಮೀಟರ್ ಅಗಲ, 4 ಗ್ರಾಂಗಿಂತ ಸ್ವಲ್ಪ ಹೆಚ್ಚು. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದವು, ಆದ್ದರಿಂದ ಒಂದು ಗಂಟಿನ ಅರ್ಧ ಅವನ ಉಂಗುರದಲ್ಲಿದೆ, ಉಳಿದರ್ಧ ಅವಳದರಲ್ಲಿದೆ. ಮಂಡ್ಯದಲ್ಲಿ ನಡೆದ ನಿಶ್ಚಿತಾರ್ಥದ ದಿನ ಉಂಗುರ ಬದಲಾಯಿಸಿಕೊಂಡ ಮೇಲೆ ಇಬ್ಬರೂ ಬೆರಳುಗಳನ್ನು ಪಕ್ಕಕ್ಕಿಟ್ಟು ಆ ಗಂಟನ್ನು ಕೂಡಿಸಿ ನೋಡಿದರು. ದೊಡ್ಡತ್ತೆ ಕನ್ನಡಕ ಹಾಕಿಕೊಂಡು ಬಂದು, ಇದು ಮರವೋ ಬೆಳ್ಳಿಯೋ ಎಂದು ಎರಡು ಸಲ ಕೇಳಿದರು.

ನಾಲ್ಕು ತಿಂಗಳಾಗಿವೆ. ತಮ್ಮನ ಉಂಗುರದ ಅಂಚಿನಲ್ಲಿ ಕಪ್ಪು ಹೋಗಿ ತಾಮ್ರದ ಕೆಂಪು ಹೊಳೆಯುತ್ತಿದೆ, ಹೊರಮೈಯಲ್ಲಿ ಸಣ್ಣ ಗೀಚುಗಳಿವೆ. ಪದರ ಎಲ್ಲಿಯೂ ಬಿಚ್ಚಿಲ್ಲ. ಬೆಳ್ಳಿ, ತಾಮ್ರ ಎರಡೂ ಮೃದುವಾದ್ದರಿಂದ ಇವು ಚಿನ್ನದ ಉಂಗುರದಷ್ಟು ಕಾಲ ಹಾಗೆಯೇ ಉಳಿಯುವುದಿಲ್ಲ, ಪಾತ್ರೆ ತೊಳೆಯುವಾಗ, ಈಜುವಾಗ ತೆಗೆದಿಡಬೇಕೆಂದು ಇಬ್ಬರಿಗೂ ಹೇಳಿದ್ದೇನೆ. ವರ್ಷಕ್ಕೊಮ್ಮೆ ತಂದುಕೊಟ್ಟರೆ ಗಂಧಕದ ನೀರಿನಲ್ಲಿ ಮತ್ತೆ ಅದ್ದಿಕೊಡುತ್ತೇನೆ. ಉಳಿದ ಹತ್ತು ಮಿಲಿಮೀಟರ್ ಅಗಲದ ಪಟ್ಟಿಯನ್ನು ಆಚಾರ್ರಿಗೆ ಕೊಟ್ಟೆ. ಅವರು ಅದನ್ನು ಕೆಲಸದ ಮಣೆಯ ಮುಂದೆ ಮೊಳೆ ಹೊಡೆದು ನಿಲ್ಲಿಸಿಕೊಂಡಿದ್ದಾರೆ. ಮೊದಲ ಗಟ್ಟಿಯಿಂದ ಹರಿದ ಹನಿಗಳು ನನ್ನ ಗೂಡಿನ ಪಕ್ಕದ ಗಾಜಿನ ಸೀಸೆಯಲ್ಲಿವೆ.